ನೋಡೋಕೆ ಇಷ್ಟು ಚೆಂದ ಇದೆ, ನಿಮಗೇನು ತಕರಾರು?

ತಿಂಗಳಿಗೊಮ್ಮೆಯಾದರೂ ಯಾರಾದರೂ ನನಗೆ ಹೊಸ ಥರದ ರೆಕಾರ್ಡ್ ಪ್ಲೇಯರಿನ ವಿಡಿಯೋ ಒಂದನ್ನು ಕಳಿಸುತ್ತಾರೆ. ಗಾಳಿಯಲ್ಲಿ ತೇಲುತ್ತಾ ತಿರುಗುವ ತಟ್ಟೆ, ಫೋಟೋ ಫ್ರೇಮಿನ ಹಾಗೆ ನೆಟ್ಟಗೆ ನಿಂತ ರೆಕಾರ್ಡ್, ಇಲ್ಲವೇ ರೆಕಾರ್ಡಿನ ಮೇಲೆ ತಾನೇ ಸುತ್ತು ಹೊಡೆಯುವ ಪುಟ್ಟ ಪೆಟ್ಟಿಗೆ. ಯಾವುದೂ ಇನ್ನೂ ಅಂಗಡಿಗೆ ಬಂದಿರುವುದಿಲ್ಲ. ಜನರಿಂದ ಮೊದಲೇ ದುಡ್ಡು ಕೂಡಿಸಿ ಆಮೇಲೆ ತಯಾರಿಸುವ ಕ್ರೌಡ್‌ಫಂಡಿಂಗ್ ಲೆಕ್ಕ. ವಿಡಿಯೋ ಕೆಳಗೆ ಅದೇ ಪ್ರಶ್ನೆ: "ಇದಕ್ಕೆ ದುಡ್ಡು ಹಾಕಬಹುದಾ? ಆಡಿಯೋ ಹುಚ್ಚಿನವರು ಇಂಥದ್ದನ್ನು ಕಂಡರೆ ಯಾಕೆ ಮುಖ ಸಿಂಡರಿಸುತ್ತೀರಿ? ಚೆಂದ ಇದ್ದರೆ ತಪ್ಪಾ?"

ಚೆಂದ ಇದ್ದರೆ ಖಂಡಿತ ತಪ್ಪಿಲ್ಲ. 1972ರಲ್ಲಿ ಡೆನ್ಮಾರ್ಕಿನ ಬ್ಯಾಂಗ್ ಅಂಡ್ ಒಲುಫ್ಸೆನ್ ಕಂಪನಿ ಬಿಯೋಗ್ರಾಮ್ 4000 ಅಂತ ಒಂದು ಪ್ಲೇಯರ್ ತಂದಿತು. ಯಾಕೋಬ್ ಯೆನ್ಸೆನ್ ಅದರ ವಿನ್ಯಾಸಕಾರ. ಇವತ್ತಿಗೂ ಅದನ್ನು ನೋಡಿದರೆ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ಸೂಜಿ ಹಿಡಿದಿರುವ ಅದರ ತೋಳು ಕಮಾನಿನಂತೆ ಬಾಗಿ ಬರುವುದಿಲ್ಲ, ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಸರಿಯುತ್ತದೆ. ಮೂಲ ರೆಕಾರ್ಡ್ ಕೊರೆಯುವ ಯಂತ್ರದ ಸೂಜಿ ಚಲಿಸುವುದೂ ಹೀಗೆಯೇ. ಕೆಲಸಕ್ಕೆ ಬೇಕಾದ್ದನ್ನು ಮಾಡಿದರು, ಅದೇ ನೋಡಲೂ ಚೆಂದವಾಯಿತು. ನಮ್ಮ ತಕರಾರು ಇರುವುದು ಚೆಂದ ಮೊದಲು ಬಂದು, ಸೂಜಿಯ ಮಾತು ಕೊನೆಗೆ ಬಂದಾಗ.

ಸೂಜಿಯ ಕೆಲಸ ಎಷ್ಟು ನಾಜೂಕು ಅಂತ ಸ್ವಲ್ಪ ಯೋಚಿಸಿ. ಎಲ್‌ಪಿ ರೆಕಾರ್ಡಿನಲ್ಲಿ ಸೂಜಿ ಓಡುವ ಗೀರು ಸುಮಾರು ಒಂದು ಕೂದಲೆಳೆಯಷ್ಟು ಅಗಲ. ಇಪ್ಪತ್ತು ನಿಮಿಷದ ಒಂದು ಬದಿಯಲ್ಲಿ ಆ ಗೀರನ್ನು ಬಿಡಿಸಿ ನೇರ ಹಾಸಿದರೆ ನಾನೂರು ಮೀಟರ್ ದಾಟುತ್ತದೆ. ಅಷ್ಟು ದೂರವೂ ಸೂಜಿ ಗೀರಿನ ಎರಡೂ ಗೋಡೆಗಳನ್ನು ಒಂದೇ ಸಮನಾಗಿ ಮುಟ್ಟುತ್ತಾ ಹೋಗಬೇಕು, ಯಾಕೆಂದರೆ ಒಂದು ಗೋಡೆಯಲ್ಲಿ ಎಡ ಸ್ಪೀಕರಿನ ದನಿ ಇದೆ, ಇನ್ನೊಂದರಲ್ಲಿ ಬಲದ್ದು. ಸೂಜಿ ಒತ್ತುವ ಭಾರ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗ್ರಾಂ. ಕಡಿಮೆಯಾದರೆ ಸೂಜಿ ಗೀರಿನಲ್ಲಿ ಕುಣಿಯುತ್ತದೆ, ಅದೂ ಗೋಡೆಗೆ ಪೆಟ್ಟೇ. ಸಿಕ್ಕಾಪಟ್ಟೆ ಜಾಸ್ತಿಯಾದರೆ ರೆಕಾರ್ಡ್ ಬೇಗ ಸವೆಯುತ್ತದೆ. ಹಾಗಾಗಿ ಹೊಸ ಪ್ಲೇಯರ್ ಕಂಡ ಕೂಡಲೇ ನಾವು ಮರದ ಪೆಟ್ಟಿಗೆ ನೋಡುವ ಮೊದಲು ತೋಳು ನೋಡುತ್ತೇವೆ. ವಿಡಿಯೋದಲ್ಲಿ ಅದೇ ಸರಿಯಾಗಿ ಕಾಣಿಸುವುದಿಲ್ಲ.

ನಮ್ಮ ಚಿಕ್ಕಮ್ಮನ ಮಗ ನೆಟ್ಟಗೆ ನಿಲ್ಲುವ ಒಂದು ಪ್ಲೇಯರಿಗೆ ದುಡ್ಡು ಹಾಕಿದ್ದ. ಒಂದು ವರ್ಷಕ್ಕಿಂತ ಜಾಸ್ತಿ ಕಾದ. ಬಂದ ದಿನ ಫೋನ್ ಮಾಡಿ ಕರೆದ. ಹೋಗಿ ನೋಡಿದರೆ ನಿಜಕ್ಕೂ ಚೆಂದ. ಒಳ್ಳೆ ಮರ, ನುಣುಪಾದ ಅಂಚು, ಕಪ್ಪು ರೆಕಾರ್ಡ್ ಎದ್ದು ನಿಂತು ತಿರುಗುತ್ತಿದ್ದರೆ ಕೋಣೆಗೇ ಕಳೆ. ನಾನು ಜೊತೆಗೆ ತಂದಿದ್ದ ಪಿಯಾನೋ ರೆಕಾರ್ಡ್ ಹಾಕಿದೆ. ಪಿಯಾನೋ ಯಾಕೆಂದರೆ, ಒಮ್ಮೆ ಕೀ ಒತ್ತಿದ ಮೇಲೆ ಅದರ ಸ್ವರ ಅಲುಗಾಡೋಕೆ ಸಾಧ್ಯವೇ ಇಲ್ಲ. ಪಿಟೀಲಿನಲ್ಲಾದರೆ ಅಲುಗಾಟ ವಾದಕನದ್ದೋ ಯಂತ್ರದ್ದೋ ತಿಳಿಯುವುದಿಲ್ಲ.

ಉದ್ದನೆಯ ಒಂದು ಸ್ವರ ಬಂತು. ಮೇಲೆ, ಕೆಳಗೆ, ಮೇಲೆ, ಕೆಳಗೆ. ತೊಟ್ಟಿಲು ತೂಗಿದ ಹಾಗೆ.

"ಅಣ್ಣಾ, ಇದು ರೆಕಾರ್ಡಿನ ತೊಂದರೆ ಇರಬೇಕು ಅಲ್ವಾ?" ಅಂದ. ಅವನ ಹತ್ತಿರ ಇದ್ದ ಇನ್ನೂ ಎರಡು ಹಾಕಿ ನೋಡಿದೆವು. ಅದೇ ತೂಗಾಟ. ಗಡಿಯಾರ ಹಿಡಿದು ಹತ್ತು ತೂಗು ಎಣಿಸಿದರೆ ಹದಿನೆಂಟು ಸೆಕೆಂಡು. ನಿಮಿಷಕ್ಕೆ 33⅓ ಸುತ್ತಿನ ರೆಕಾರ್ಡ್ ಒಂದು ಸುತ್ತು ತಿರುಗೋಕೆ ಹಿಡಿಯುವುದು ಸರಿಯಾಗಿ 1.8 ಸೆಕೆಂಡು. ಅಂದರೆ ಪ್ರತಿ ಸುತ್ತಿಗೂ ಒಂದು ಸಲ ವೇಗ ಏರಿ ಇಳಿಯುತ್ತಿತ್ತು. ನಿಂತ ಚಕ್ರದಲ್ಲಿ ಇದು ಸುಲಭವಾಗಿ ಆಗುತ್ತದೆ. ಒಂದು ಬದಿ ಚೂರು ಭಾರ ಇದ್ದರೂ ಇಳಿಯುವಾಗ ಮುಂದಕ್ಕೆ ಓಡುತ್ತದೆ, ಏರುವಾಗ ಎಳೆದು ಹಿಡಿಯುತ್ತದೆ. ಮಲಗಿದ ತಟ್ಟೆಯಲ್ಲಿ ಈ ಏರಿಳಿತವೇ ಇಲ್ಲ.

ಆಮೇಲೆ ನನ್ನ ಪುಟ್ಟ ತಕ್ಕಡಿ ತೆಗೆದೆ. ಸೂಜಿಯ ಭಾರ ತೂಗುವ ತಕ್ಕಡಿ, ಬೆಂಕಿಪೊಟ್ಟಣದಷ್ಟು ದೊಡ್ಡದು. ತೆಗೆದ ಮೇಲೆ ಹೊಳೆಯಿತು, ಅದನ್ನು ಇಡೋಕೆ ಜಾಗವೇ ಇಲ್ಲ. ಅದು ಮಲಗಿದ್ದರೆ ಮಾತ್ರ ತೂಗುತ್ತದೆ. ಮಾಮೂಲಿ ಪ್ಲೇಯರಿನಲ್ಲಿ ಸೂಜಿ ತನ್ನ ಭಾರಕ್ಕೆ ತಾನೇ ಕೆಳಗೆ ಒತ್ತುತ್ತದೆ, ತೋಳಿನ ಹಿಂದಿರುವ ತೂಕದ ಗುಂಡು ತಿರುಗಿಸಿ ಹೊಂದಿಸಬಹುದು. ರೆಕಾರ್ಡ್ ಎದ್ದು ನಿಂತರೆ ಭೂಮಿಯ ಸೆಳೆತ ತೋಳನ್ನು ಗೀರಿನ ಒಳಕ್ಕೆ ಒತ್ತುವುದಿಲ್ಲ, ಪಕ್ಕಕ್ಕೆ ಜಗ್ಗುತ್ತದೆ. ಒಳಕ್ಕೆ ಒತ್ತೋಕೆ ಸ್ಪ್ರಿಂಗ್ ಬೇಕು. ಸ್ಪ್ರಿಂಗ್ ಕೆಟ್ಟದ್ದೇನಲ್ಲ, ಹೆಸರಾಂತ ತೋಳುಗಳಲ್ಲೂ ಇದೆ. ಆದರೆ ಅಂಥ ತೋಳಿನ ಹಿಂದುಮುಂದಿನ ತೂಕ ಪೂರ್ತಿ ಸಮ ಇರಬೇಕು, ಇಲ್ಲದಿದ್ದರೆ ಒಂದೇ ಗೋಡೆಗೆ ಭಾರ ಬೀಳುತ್ತದೆ. ಅವನ ಪ್ಲೇಯರಿನಲ್ಲಿ ಹೊಂದಿಸುವ ತಿರುಪು ಇರಲಿಲ್ಲ. ಎಷ್ಟು ಗ್ರಾಂ ಅಂತ ಕೈಪಿಡಿಯಲ್ಲೂ ಬರೆದಿರಲಿಲ್ಲ. ನನಗೆ ಬೇಜಾರಾಗಿದ್ದು ಇದಕ್ಕೇ. ತೂಗಾಟ ಕೇಳಿಸುತ್ತದೆ, ಭಾರ ಕೇಳಿಸುವುದಿಲ್ಲ. ನೂರು ಸಲ ಹಾಕಿ ರೆಕಾರ್ಡ್ ಹಾಳಾದ ಮೇಲೆ ಗೊತ್ತಾಗುತ್ತದೆ.

ಹಾಗಂತ ನೆಟ್ಟಗೆ ನಿಲ್ಲಿಸೋದು ಆಗದ ಕೆಲಸ ಅಲ್ಲ. 1980ರ ದಶಕದ ಆರಂಭದಲ್ಲೇ ಮಿತ್ಸುಬಿಷಿ ನಿಂತು ತಿರುಗುವ ಪ್ಲೇಯರ್ ಮಾಡಿತ್ತು, ನೇರ ಗೆರೆಯಲ್ಲಿ ಸರಿಯುವ ತೋಳು ಕೊಟ್ಟು. ಅದಕ್ಕೆ ದೊಡ್ಡ ಕಾರ್ಖಾನೆ, ಅನುಭವ ಇರುವ ಎಂಜಿನಿಯರ್‌ಗಳು ಬೇಕಾಯಿತು.

ರೆಕಾರ್ಡಿನ ಮೇಲೆ ಓಡುವ ಪೆಟ್ಟಿಗೆ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. 1970ರ ದಶಕದಲ್ಲೇ ಜಪಾನಿನಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿನ ಆಕಾರದಲ್ಲಿ ಇಂಥ ಆಟಿಕೆ ಬಂದಿತ್ತು. ಯಂತ್ರದ ಇಡೀ ತೂಕ ರೆಕಾರ್ಡಿನ ಮೇಲೆ. ಸ್ಪೀಕರ್ ಒಳಗೇ ಇದ್ದರೆ ಅದರ ಅದುರಾಟವೂ ಸೂಜಿಗೆ. ಜೊತೆಗೆ ಹೊರಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡಬೇಕಾದದ್ದು ಒಳಸುತ್ತಿಗೆ ಬರುವಾಗ 20ರ ಆಸುಪಾಸಿಗೆ ಇಳಿಯಬೇಕು, ಅದೂ ಒಂದಿಷ್ಟೂ ಮುಗ್ಗರಿಸದೆ. ಆಟಕ್ಕೆ ಸರಿ. ಇಷ್ಟದ ರೆಕಾರ್ಡಿನ ಮೇಲೆ ನಾನು ಬಿಡೋದಿಲ್ಲ.

ತೇಲುವ ತಟ್ಟೆ ಬೇರೆ ಥರ. 2016ರಲ್ಲಿ ಸ್ಲೊವೇನಿಯಾದ ಒಂದು ತಂಡ ಮ್ಯಾಗ್‌ಲೆವ್ ಹೆಸರಲ್ಲಿ ಇದನ್ನು ಕಿಕ್‌ಸ್ಟಾರ್ಟರ್ ಅನ್ನೋ ಕ್ರೌಡ್‌ಫಂಡಿಂಗ್ ಜಾಲತಾಣಕ್ಕೆ ತಂದಾಗ ನಾನೂ ಬಾಯಿ ಬಿಟ್ಟುಕೊಂಡು ನೋಡಿದ್ದೆ. ಆಯಸ್ಕಾಂತದಿಂದ ತಟ್ಟೆ ಎತ್ತಿ ಹಿಡಿಯುವುದು ನಿಜವಾದ ಎಂಜಿನಿಯರಿಂಗ್. ಆದರೆ ಆಡಿಯೋ ಪ್ರಿಯರು ಕೇಳುವ ಪ್ರಶ್ನೆ ಬೇರೆ: ಇದು ಯಾವ ತೊಂದರೆಗೆ ಪರಿಹಾರ? ತಟ್ಟೆಯ ಕೆಳಗೆ ಒಂದು ಉಕ್ಕಿನ ಗುಂಡು, ಒಂದು ಹನಿ ಎಣ್ಣೆ, ಇಷ್ಟರಲ್ಲೇ ಆ ಕೆಲಸ ಹಿಂದಿನಿಂದ ಚೆನ್ನಾಗಿ ನಡೆದುಕೊಂಡು ಬಂದಿದೆ. ತಯಾರಿಕೆಯ ದುಡ್ಡು ತೇಲಿಸೋಕೆ ಖರ್ಚಾದರೆ ತೋಳಿಗೆ, ಅದರ ತುದಿಯಲ್ಲಿ ಸೂಜಿ ಕೂತಿರುವ ಕಾರ್ಟ್ರಿಡ್ಜಿಗೆ ಎಷ್ಟು ಉಳಿಯುತ್ತದೆ?

ಇಂಥದ್ದಕ್ಕೆ ಉತ್ತರ ಅಂಕಿಯಲ್ಲಿ ಬರಬೇಕು. 1979ರ ಟೆಕ್ನಿಕ್ಸ್ ಎಸ್‌ಎಲ್-1200 ಮಾರ್ಕ್ 2 ಪ್ಲೇಯರಿನ ವಿವರದಲ್ಲಿ ವೇಗದ ಏರಿಳಿತ 0.025% ಅಂತ ಬರೆದಿದ್ದರು. ಯಾರು ಬೇಕಾದರೂ ಅಳೆದು ನೋಡಬಹುದಿತ್ತು. ನನಗೆ ಬರುವ ವಿಡಿಯೋಗಳಲ್ಲಿ ದೀಪದ ಬಣ್ಣ ಎಷ್ಟು, ಬ್ಲೂಟೂತ್ ಯಾವುದು, ಮರ ಯಾವುದು ಅಂತ ಇರುತ್ತದೆ. ಏರಿಳಿತ ಎಷ್ಟು, ಸೂಜಿಯ ಭಾರ ಎಷ್ಟು ಅಂತ ಹುಡುಕಿದರೂ ಸಿಗುವುದಿಲ್ಲ. ಕೆಲವು ಸಲ ಹಿನ್ನೆಲೆಯಲ್ಲಿ ಕೇಳುವ ಸಂಗೀತ ಆ ಯಂತ್ರದ್ದೇ ಅಲ್ಲ, ಆಮೇಲೆ ಸೇರಿಸಿದ್ದು. ಇವನ್ನು ಮಾಡುವವರೆಲ್ಲ ಮೋಸಗಾರರು ಅಂತ ನಾನು ಅನ್ನುತ್ತಿಲ್ಲ. ಹೆಚ್ಚಿನವರು ಆಸೆಯಿಂದಲೇ ಶುರು ಮಾಡುತ್ತಾರೆ. ಒಂದು ಮಾದರಿ ಮಾಡೋದು ಬೇರೆ, ಸಾವಿರ ಮಾಡೋದು ಬೇರೆ. 2012ರಲ್ಲಿ ಕಿಕ್‌ಸ್ಟಾರ್ಟರೇ "ನಾವು ಅಂಗಡಿ ಅಲ್ಲ" ಅಂತ ಹೇಳಿ, ಯಂತ್ರಗಳಿಗೆ ಕಂಪ್ಯೂಟರಿನಲ್ಲಿ ಬರೆದ ಚಿತ್ರ ತೋರಿಸಬಾರದು, ನಿಜವಾದ ಮಾದರಿಯನ್ನೇ ತೋರಿಸಬೇಕು ಅಂತ ನಿಯಮ ಮಾಡಿತು.

ಹಾಗಾದರೆ ದುಡ್ಡು ಹಾಕಬಹುದಾ? ಹಾಕುವ ಮೊದಲು ಅವರಿಗೆ ಬರೆದು ಮೂರು ವಿಷಯ ಕೇಳಿ. ಸೂಜಿಯ ಭಾರ ಎಷ್ಟು ಗ್ರಾಂ, ಅದನ್ನು ಹೊಂದಿಸಬಹುದಾ? ಸವೆದ ಸೂಜಿ ಬದಲಿಸೋಕೆ ಬೇರೆ ಕಂಪನಿಯದ್ದು ಸಿಗುತ್ತದಾ? ಕತ್ತರಿಸದ, ಏನೂ ಸೇರಿಸದ ಪಿಯಾನೋ ಧ್ವನಿಮುದ್ರಣ ಕಳಿಸುತ್ತೀರಾ? ನೇರ ಉತ್ತರ ಬಂದರೆ ಯೋಚಿಸಿ. ಈಗಾಗಲೇ ಹಾಕಿಬಿಟ್ಟಿದ್ದರೆ, ಡಬ್ಬ ಬಂದ ದಿನ ಹಳೇ ಗೀಚು ಬಿದ್ದ ಒಂದು ರೆಕಾರ್ಡ್ ಹಾಕಿ ಪರೀಕ್ಷೆ ಮಾಡಿ. ಅಪ್ಪ ಅಮ್ಮ ಕೇಳುತ್ತಿದ್ದ, ಮತ್ತೆ ಸಿಗದ ರೆಕಾರ್ಡುಗಳು ಇನ್ನೂ ಸ್ವಲ್ಪ ದಿನ ಕವರಿನಲ್ಲೇ ಇರಲಿ.