ಹತ್ತು ನಿಮಿಷದ ಕೆಲಸ, ಮೇಡಂ

"ಗಾಬರಿಯಾಗಬೇಡಿ ಮೇಡಂ, ಕಿಟ್‌ನಲ್ಲಿ ಪಂಪ್ ಇದೆ. ಹತ್ತು ನಿಮಿಷದ ಕೆಲಸ."

ಈ ಮಾತು ಹೇಳಿದವನು ನಾನು. ಹೇಳಿ ಎಂಟು ತಿಂಗಳಾಯಿತು. ಈಗಲೂ ನಮ್ಮ ಬೇನಲ್ಲಿ, ಅಂದರೆ ಗಾಡಿ ರಿಪೇರಿ ಮಾಡುವ ಶೆಡ್ಡಿನಲ್ಲಿ, ಯಾರಿಗಾದರೂ ನನ್ನ ಕಾಲೆಳೆಯಬೇಕು ಅನ್ನಿಸಿದರೆ ಇದೊಂದು ಸಾಲು ಸಾಕು. ನಟ್ಟು ಬಿಗಿಯುವಾಗಲೂ, ಟಾಯ್ಲೆಟ್ ಕ್ಯಾಸೆಟ್ ತೊಳೆಯುವಾಗಲೂ, "ಹತ್ತು ನಿಮಿಷದ ಕೆಲಸ ಮೇಡಂ" ಅಂತ ಯಾರೋ ಒಬ್ಬರು ಶುರು ಮಾಡುತ್ತಾರೆ.

ನಾನು ಬಾಡಿಗೆ ಮೋಟರ್‌ಹೋಮ್‌ಗಳ (ಒಳಗೇ ಮಲಗಿ, ಉಳಿದು ಪ್ರವಾಸ ಮಾಡುವ ಮನೆಯಂಥ ಗಾಡಿಗಳ) ಡಿಪೋದಲ್ಲಿ ಫ್ಲೀಟ್ ನೋಡಿಕೊಳ್ಳುವವನು. ಟರ್ನ್‌ಅರೌಂಡ್, ಹ್ಯಾಂಡೋವರ್ ಶೀಟ್, ಡ್ಯಾಮೇಜ್ ಟಿಕೆಟ್, ಕಿಟ್ ಆಡಿಟ್ ಎಲ್ಲ ನನ್ನ ತಲೆಗೇ ಬರುತ್ತದೆ. ಗಾಡಿಯ ಜೊತೆ ಕೊಡುವ ಸಾಮಾನಿನ ಕಿಟ್‌ಗೆ ಏನು ಹಾಕಬೇಕು ಅನ್ನುವುದೂ ನನ್ನದೇ ತೀರ್ಮಾನ. ಪಿ.ಓ. (ಖರೀದಿ ಆರ್ಡರ್) ಪಾಸ್ ಮಾಡುವುದು ಮಾತ್ರ ಮೇಲಿನವರು.

ಕಳೆದ ಸೀಸನ್ ಶುರುವಾಗುವ ಮುಂಚೆ, 14 ಗಾಡಿಗೂ ಒಂದೊಂದು ಗಾಳಿ ಪಂಪ್ ಇಡಿ, ಮೂರು ದಿನದಲ್ಲಿ ಆಗಬೇಕು ಅಂತ ಆರ್ಡರ್ ಬಂತು. ವರ್ಷವಿಡೀ ಸುಮ್ನೆ ಕೂತಿದ್ದು ಕೊನೆಗೆ ಮೂರು ದಿನ ಕೊಡುವುದು ನಮ್ಮ ಮ್ಯಾನೇಜ್‌ಮೆಂಟಿನ ಹಳೇ ಚಾಳಿ. ನಾನೂ ಕೂತಲ್ಲೇ ಒಂದು ಶೀಟ್ ಮಾಡಿದೆ. ಮೂರು ಕಾಲಂ: ಗರಿಷ್ಠ ಒತ್ತಡ, ತೂಕ, ದರ. ನಮ್ಮ ಸಿ-ಕ್ಲಾಸ್ (ವ್ಯಾನಿನ ಚಾಸಿಯ ಮೇಲೆ ಮನೆ ಕಟ್ಟಿದ) ಗಾಡಿಗಳ ಹಿಂದಿನ ಟೈರಿಗೆ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬೇಕು. ಒಂದು ಪಂಪಿನ ಡಬ್ಬಿಯ ಮೇಲೆ ದೊಡ್ಡದಾಗಿ 150 ಪಿಎಸ್‌ಐ ಅಂತ ಇತ್ತು. ಹತ್ತಿರ ಹತ್ತಿರ ಎರಡು ಪಟ್ಟು, ಇನ್ನೇನು ಬೇಕು? ಸ್ಯಾಂಪಲ್ ತರಿಸಿ, ಕಿಟಕಿಯ ಕೆಳಗೇ ನಿಂತಿದ್ದ ಆಫೀಸ್ ಕಾರಿನ ಮೇಲೆ ಟೆಸ್ಟ್ ಮಾಡಿದೆ. 28ರಿಂದ 33ಕ್ಕೆ ಏರಲು ಒಂದು ನಿಮಿಷವೂ ಆಗಲಿಲ್ಲ. ತಾನೇ ನಿಂತಿತು, ಟೊಂಯ್ ಅಂತ ಸದ್ದೂ ಮಾಡಿತು. ಸಹಿ ಹಾಕಿದೆ.

ಯಾರ್ಡಿನಲ್ಲಿ ಆರು ಚಕ್ರದ, ಅಂದರೆ ಹಿಂದೆ ಒಂದೊಂದು ಬದಿಗೂ ಒಳಗೊಂದು ಹೊರಗೊಂದು ಜೋಡಿ ಚಕ್ರವಿರುವ, ಗಾಡಿಗಳು ಸಾಲಾಗಿ ನಿಂತಿದ್ದವು, ನಡೆದರೆ ನಲವತ್ತು ಹೆಜ್ಜೆ. ನಾನು ಟೆಸ್ಟ್ ಮಾಡಿದ್ದು ಕೈಗೆ ಸಿಕ್ಕ ಗಾಡಿಯ ಮೇಲೆ.

ಪಂಪ್‌ಗಳು ಗಾಡಿ ಸೇರಿದ ಮೇಲೆ ಒಂದು ಸಂಜೆ ಏಳೂಕಾಲಕ್ಕೆ ಫೋನ್ ಬಂತು. ತಾಯಿ, ತಂದೆ, ಸಣ್ಣ ಮಗಳು. ಡಿಪೋದಿಂದ 70 ಕಿಲೋಮೀಟರ್ ಆಚೆ ಗಾಡಿ ಪಕ್ಕಕ್ಕೆ ಹಾಕಿದ್ದಾರೆ. ಓಡಿಸುತ್ತಿದ್ದವರು ತಾಯಿ. ಟೈರ್ ಅಲಾರಂ ಬಡಿದುಕೊಳ್ಳುತ್ತಿದೆ, ಹಿಂದಿನ ಎಡಗಡೆ ಒಳಚಕ್ರ 58 ತೋರಿಸುತ್ತಿದೆ ಅಂದರು. ಆಗಲೇ ನಾನು ಆ ಹತ್ತು ನಿಮಿಷದ ಮಾತು ಹೇಳಿದ್ದು. ದನಿಯಲ್ಲಿ ಎಷ್ಟು ಧೈರ್ಯ ಅಂತೀರಿ!

ಪಂಪ್ ಸಿಕ್ಕಿತು. ಡ್ಯಾಶ್‌ಬೋರ್ಡಿನ ಸಾಕೆಟ್‌ಗೆ ಚುಚ್ಚಿದರು. "ಸರ್, ವೈರು ಹಿಂದಿನ ಚಕ್ರದ ತನಕ ಬರ್ತಾ ಇಲ್ವಲ್ಲ" ಅಂದರು. ವೈರು ಮೂರು ಮೀಟರ್. ಗಾಡಿ ಏಳೂವರೆ ಮೀಟರ್. ನಾನು ಒಂದು ಕ್ಷಣ ಸುಮ್ಮನಾದೆ. ಆಮೇಲೆ ಬಹಳ ಜಾಣನ ಹಾಗೆ, ಹಿಂದಿನ ಹಾಸಿಗೆಯ ಪಕ್ಕ ಟಿವಿಗೆ ಅಂತ ಒಂದು ಸಾಕೆಟ್ ಇದೆ, ಕಿಟಕಿಯಿಂದ ವೈರು ಇಳಿಬಿಡಿ ಅಂದೆ. ಬುದ್ಧಿ ಓಡಿತಲ್ಲ ಅಂತ ನನಗೇ ಖುಷಿ.

ಮುಂದಿನದು ವಾಲ್ವ್. ಒಳಚಕ್ರದ ವಾಲ್ವ್ ಮುಟ್ಟಬೇಕಾದರೆ ಹೊರಚಕ್ರದ ತೂತಿನೊಳಗೆ ಕೈ ಹಾಕಬೇಕು. ಎಕ್ಸ್‌ಟೆನ್ಷನ್ (ವಾಲ್ವ್ ಉದ್ದ ಮಾಡಲು ಸೇರಿಸುವ ಕೊಳವೆ) ಇದ್ದರೂ ಅದರ ತುದಿ ಇರುವುದು ಒಳಗೇ. ನಮ್ಮ ಪಂಪಿನ ತುದಿ ತಿರುಗಿಸಿ ಬಿಗಿಯುವ ಜಾತಿಯದು. ಪಂಪಿನ ಪೈಪು ಮೊಳಕ್ಕಿಂತ ಸ್ವಲ್ಪ ಉದ್ದ, ಬಗ್ಗದಷ್ಟು ಗಡುಸು. ಎರಡು ಬೆರಳು ಹೋಗುವ ಜಾಗದಲ್ಲಿ ಅದನ್ನು ನಾಲ್ಕು ಸುತ್ತು ತಿರುಗಿಸಬೇಕು. ಕತ್ತಲೆ ಬೇರೆ. ಗಂಡ ಹೆಂಡತಿ ಸರದಿಯ ಮೇಲೆ ಒದ್ದಾಡುವುದು ಫೋನ್‌ನಲ್ಲಿ ಕೇಳಿಸುತ್ತಿತ್ತು. ಹದಿನೈದು ನಿಮಿಷಕ್ಕೆ ಹೇಗೋ ಕೂತಿತು.

ಪಂಪ್ ಹಾಕಿದರು. ಕಾರಿನ ಮೇಲೆ ಟರ್ ಅಂತ ಚುರುಕಾಗಿ ಓಡಿದ್ದ ಅದೇ ಪಂಪು ಅಲ್ಲಿ ಹೂಂ... ಹೂಂ... ಅಂತ ನರಳುತ್ತಿತ್ತು. ಹಿಂದಿನ ಸಾಕೆಟ್‌ಗೆ, ಗಾಡಿಯ ಮನೆ ಭಾಗಕ್ಕೆ ಕರೆಂಟು ಕೊಡುವ ಬ್ಯಾಟರಿಯಿಂದ ತೆಳ್ಳನೆ ವೈರು ಗಾಡಿಯ ಅರ್ಧ ಉದ್ದ ಹರಿದಿದೆ. ಲೋಡ್ ಬಿದ್ದರೆ ವೋಲ್ಟೇಜ್ ಕುಸಿಯದೆ ಇನ್ನೇನಾಗುತ್ತದೆ? ಇದು ನನಗೆ ಗೊತ್ತಿರದ ವಿಷಯವಲ್ಲ. ಆ ಹೊತ್ತಿಗೆ ಹೊಳೆಯಲಿಲ್ಲ ಅಷ್ಟೆ.

"60... 62... ಸರ್, 64 ಬಂತು!" ಆ ಕಡೆ ಸಂಭ್ರಮ. ನಾನೂ ಕುರ್ಚಿಗೆ ಒರಗಿದೆ. ಎಂಟನೇ ನಿಮಿಷಕ್ಕೆ ಪಂಪ್ ತಾನಾಗಿ ನಿಂತಿತು. ಮುಟ್ಟಿದರೆ ಕೈ ಸುಡುತ್ತದಂತೆ. ನಿಂತ ಕೂಡಲೇ ಡಿಸ್‌ಪ್ಲೇ 64ರಿಂದ 60ಕ್ಕೆ ಇಳಿಯಿತು. ಪಂಪ್ ಓಡುವಾಗ ಅದು ತೋರಿಸುವುದು ಪೈಪಿನೊಳಗಿನ ಒತ್ತಡ, ಟೈರಿನದಲ್ಲ. ತೆಳು ಪೈಪಿನಲ್ಲಿ ಗಾಳಿ ನೂಕುವಾಗ ಅದು ಯಾವಾಗಲೂ ಜಾಸ್ತಿಯೇ ಇರುತ್ತದೆ. ಸರಿ, ತುದಿ ಬಿಚ್ಚಿ, ಪಂಪ್ ತಣ್ಣಗಾಗಲಿ ಅಂದೆ. ಬಿಚ್ಚುವುದಕ್ಕೂ ನಾಲ್ಕು ಸುತ್ತು ಬೇಕಲ್ಲ. ಅಷ್ಟೂ ಹೊತ್ತು ಸುಸ್ಸ್ಸ್ ಅಂತ ಗಾಳಿ ಹೋಗುತ್ತಿದ್ದುದು ನನಗೂ ಕೇಳಿಸಿತು.

"ಸರ್, ಈಗ ಅಲಾರಂ ಬಾಕ್ಸು 57 ತೋರಿಸ್ತಾ ಇದೆ."

ಅರ್ಧ ಗಂಟೆ ಕಷ್ಟಪಟ್ಟು ಒಂದು ಪಿಎಸ್‌ಐ ಕಳೆದುಕೊಂಡಿದ್ದೆವು. ನನಗೆ ನಗು ಬಂತು, ನಿಜ ಹೇಳಬೇಕಂದ್ರೆ. ಸ್ಪೀಕರ್‌ನಲ್ಲಿದ್ದ ಫೋನ್ ಪಕ್ಕದಲ್ಲೇ ಹಿರಿಯ ಮೆಕ್ಯಾನಿಕ್ ಬಂದು ನಿಂತಿದ್ದರು, ನಾವೆಲ್ಲ ಮೇಸ್ತ್ರಿ ಅನ್ನುತ್ತೇವೆ. ಕೈ ಒರೆಸುತ್ತಾ ಕೇಳಿದರು: "ಬಿಸಿ ಟೈರೋ, ತಣ್ಣಗಿರೋದೋ?"

"ಈಗ ತಾನೇ ನಿಲ್ಲಿಸಿದಾರೆ ಮೇಸ್ತ್ರಿ."

"ಬಿಸಿಯಲ್ಲೇ 58 ಅಂದ್ರೆ ತಣ್ಣಗಾದ್ಮೇಲೆ 50ರ ಹತ್ರ. ಎಷ್ಟು ದೂರ ಓಡ್ಸಿದ್ರು ಕೇಳಿದ್ಯಾ?"

ಕೇಳಿರಲಿಲ್ಲ. ಕೇಳಿದೆ. ಅಲಾರಂ ಶುರುವಾದಾಗ ಫ್ರಿಜ್ಜಿನ ಸದ್ದು ಅಂದುಕೊಂಡರಂತೆ. ಸುಮಾರು 25 ಕಿಲೋಮೀಟರ್ ಆಗಿರಬಹುದು ಅಂದರು.

ಮೇಸ್ತ್ರಿ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡರು. "ಅಮ್ಮಾ, ಈಗ ಚಕ್ರದ ಪಕ್ಕ ಯಾರಿದಾರೆ?"

"ಮಗಳು ಸರ್. ಟಾರ್ಚ್ ಹಿಡ್ಕೊಂಡು ಕೂತಿದಾಳೆ."

ಎಂಟು ನಿಮಿಷ ಆ ಮಗು ಟೈರಿನ ಪಕ್ಕಕ್ಕೇ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿತ್ತು. ನಾನು ಇಲ್ಲಿ ಕುರ್ಚಿಗೆ ಒರಗಿ 60, 62 ಅಂತ ಎಣಿಸುತ್ತಿದ್ದೆ. ಮೇಸ್ತ್ರಿ ದನಿ ಏರಿಸಲಿಲ್ಲ. "ಅವಳನ್ನ ಮುಂದಕ್ಕೆ, ಗಾಡಿಯಿಂದ ದೂರ ಕರ್ಕೊಂಡು ಹೋಗಿ. ಪಂಪ್ ಮುಟ್ಬೇಡಿ. ನಾವೇ ಬರ್ತೀವಿ" ಅಂದರು. ಆಮೇಲೆ ಆ ಕಡೆ ದೂರ ಸರಿಯುವ ಹೆಜ್ಜೆ ಸದ್ದು. ಅಲ್ಲಿಯವರೆಗೆ ನಾನು ಉಸಿರು ಬಿಟ್ಟಿದ್ದೆನೋ ಇಲ್ಲವೋ.

ಟೈರ್ ಕೆಲಸದವರಿಗೆ ಇದು ಅಆಇಈ. ಇರಬೇಕಾದ ಗಾಳಿಯ ಶೇಕಡಾ 80ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದ ಟೈರನ್ನು ಓಡಿಸಿದರೆ, ಅದು ಗಾಳಿಯೇ ಇಲ್ಲದೆ ಓಡಿದ ಲೆಕ್ಕ. 80 ಪಿಎಸ್‌ಐ ಟೈರಿಗೆ ಆ ಗೆರೆ 64. ಗಾಳಿ ಕಮ್ಮಿ ಇದ್ದಾಗ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಜಾಸ್ತಿ ಬಗ್ಗುತ್ತದೆ, ಕಾಯುತ್ತದೆ, ಒಳಗಿನ ಎಳೆಗಳು ಸೋಲುತ್ತವೆ. ಹೊರಗಿಂದ ಏನೂ ಕಾಣುವುದಿಲ್ಲ. ಅದಕ್ಕೆ ಮತ್ತೆ ಒತ್ತಡ ತುಂಬುವಾಗಲೇ ಪಕ್ಕೆ ಹರಿದು ಸಿಡಿಯುವ ಅಪಾಯ ಇರುವುದು. ಅಂಥ ಟೈರನ್ನು ಬಿಚ್ಚಿ ಒಳಗೆ ನೋಡದೆ ಗಾಳಿ ಹಾಕಬಾರದು. ಈ ಪಾಠದ ಪೋಸ್ಟರ್ ನಮ್ಮ ಬೇ ಗೋಡೆಯ ಮೇಲೇ ಇದೆ. ನನ್ನ ಟೇಬಲ್ ಮಾತ್ರ ಆಫೀಸಿನಲ್ಲಿದೆ.

ಸರ್ವಿಸ್ ವ್ಯಾನಿನಲ್ಲಿ ಜಾಕು, ಇನ್ನೊಂದು ಚಕ್ರ ಹೇರಿಕೊಂಡು ಹೊರಟೆವು. ದಾರಿಯುದ್ದಕ್ಕೂ ಮೇಸ್ತ್ರಿ ಒಂದು ಮಾತೂ ಆಡಲಿಲ್ಲ. ಅಲ್ಲಿ ಹೊರಚಕ್ರ ಬಿಚ್ಚಿ ನೋಡಿದರೆ ಒಳಚಕ್ರದ ಎಕ್ಸ್‌ಟೆನ್ಷನ್ ಬುಡದಲ್ಲಿ ಸಡಿಲ. ಎಂಜಲು ಹಚ್ಚಿದರೆ ಸಣ್ಣಗೆ ಗುಳ್ಳೆ. ಹಿಂದಿನ ತಿಂಗಳು ಅದನ್ನು ಹಾಕಿದ್ದು ನಮ್ಮ ಬೇಯವರೇ. ಮೇಸ್ತ್ರಿ ಮೌನಕ್ಕೆ ಅದೂ ಒಂದು ಕಾರಣ ಇರಬಹುದು. ಎಲ್ಲ ಮುಗಿಯುವಾಗ ಹತ್ತೂಮುಕ್ಕಾಲು. ಆ ತಾಯಿ ಸಹಿ ಹಾಕುತ್ತಾ, "ಹತ್ತು ನಿಮಿಷದ ಕೆಲಸ ಅಂದಿದ್ರಲ್ವಾ ಸರ್" ಅಂದರು. ಮೇಸ್ತ್ರಿ ಕೇಳಿಸಿಕೊಂಡರು. ಅಲ್ಲಿಂದಲೇ ಆ ಮಾತು ಬೇ ಸೇರಿದ್ದು.

ಮಾರನೇ ದಿನ ಟೈರ್ ಬಿಚ್ಚಿದರು. ನನ್ನನ್ನು ಕರೆದು, ಒಳಗೆ ಕೈಯಾಡಿಸು ಅಂದರು. ಬೆರಳಿಗೆ ಕರಿ ರಬ್ಬರ್ ಪುಡಿ ಅಂಟಿಕೊಂಡು ಬಂತು, ಪೆನ್ಸಿಲ್ ಅಳಿಸಿದ ಮೇಲೆ ಉಳಿಯುತ್ತಲ್ಲ, ಹಾಗೆ. ಸ್ಕ್ರ್ಯಾಪ್.

ಆಮೇಲೆ ನಾನು ಹಳೇ ಪಂಪ್ ತೆಗೆದುಕೊಂಡು ಆ ನಲವತ್ತು ಹೆಜ್ಜೆ ನಡೆದೆ. ಸರಿಯಿರುವ ಒಂದು ಗಾಡಿಯ ಒಳಚಕ್ರದಲ್ಲಿ ಬೇಕೆಂದೇ ಗಾಳಿ ಬಿಟ್ಟು 60ಕ್ಕೆ ತಂದು, 80ಕ್ಕೆ ಏರಿಸಲು ಸ್ಟಾಪ್‌ವಾಚ್ ಹಿಡಿದೆ. 74ಕ್ಕೆ ಬರುವಷ್ಟರಲ್ಲಿ 11 ನಿಮಿಷ, ಅಷ್ಟಕ್ಕೇ ಬಿಸಿಯಾಗಿ ನಿಂತಿತು. ಡಬ್ಬಿಯ ಮೇಲಿನ ಲೆಕ್ಕ ಬೇರೆಯೇ ಇತ್ತು. ನಮ್ಮ 225/75 ಆರ್ 16 ಟೈರಿನೊಳಗೆ ಸುಮಾರು 55 ಲೀಟರ್ ಜಾಗ. 20 ಪಿಎಸ್‌ಐ ಏರಿಸಲು ಹೊರಗಿನ ಗಾಳಿ ಹೆಚ್ಚುಕಮ್ಮಿ 75 ಲೀಟರ್ ಬೇಕು. ಪಂಪಿನ ಮೇಲೆ ನಿಮಿಷಕ್ಕೆ 35 ಲೀಟರ್ ಅಂತ ಬರೆದಿತ್ತು, ಅಂದರೆ ಎರಡು ನಿಮಿಷ ಚಿಲ್ಲರೆ. ಆದರೆ ಆ 35 ಪೈಪು ಖಾಲಿ ಬಿಟ್ಟು ಅಳೆದದ್ದು. ಎದುರಿಗೆ 70 ಪಿಎಸ್‌ಐ ಒತ್ತುತ್ತಿರುವಾಗ ಅದು ಎಷ್ಟಕ್ಕೆ ಬಿದ್ದಿದೆ ಅನ್ನುವುದು ನನ್ನ ಸ್ಟಾಪ್‌ವಾಚಿನಲ್ಲೇ ಇದೆ. 150 ಪಿಎಸ್‌ಐ ಅನ್ನುವುದು ಪಂಪು ಕೊನೆಗೆ ಮುಟ್ಟಬಲ್ಲ ತುದಿ. ಎಷ್ಟು ಹೊತ್ತಿಗೆ, ಸುಟ್ಟುಹೋಗದೆ ಮುಟ್ಟುತ್ತದಾ ಅಂತ ಡಬ್ಬಿ ಹೇಳುವುದಿಲ್ಲ.

ಇನ್ನೊಂದು ವಿಷಯ ಡಬ್ಬಿ ಓದದೆಯೂ ತಿಳಿಯಬಹುದಿತ್ತು. ಸಾಕೆಟ್‌ನ ಫ್ಯೂಸ್ 15 ಆಂಪ್. 12 ವೋಲ್ಟ್‌ಗೆ ಲೆಕ್ಕ ಹಾಕಿದರೆ 180 ವಾಟ್. ಸಾಕೆಟ್‌ಗೆ ಚುಚ್ಚುವ ಪಂಪು ಏನೇ ಮಾಡಿದರೂ ಅದರೊಳಗೇ ಮಾಡಬೇಕು. ಬ್ಯಾಟರಿಗೇ ಕ್ಲಿಪ್ ಹಾಕುವ ದೊಡ್ಡ ಪಂಪುಗಳು 30 ಆಂಪ್ ದಾಟಿಯೂ ಎಳೆಯಬಲ್ಲವು. ಅಲ್ಲಿಗೆ ನನ್ನ ಹುಡುಕಾಟ ಅರ್ಧ ಮುಗಿಯಿತು.

ಈ ಸಲ ಶೀಟ್‌ನಲ್ಲಿ ಗರಿಷ್ಠ ಒತ್ತಡದ ಕಾಲಂ ತೆಗೆದೇ ಹಾಕಿದೆ. ಪೈಪು ಗಾಡಿಯ ಮುಂದಿನ ಬ್ಯಾಟರಿಯಿಂದ ಹಿಂದಿನ ಆಚೆ ಬದಿಯ ಚಕ್ರದ ತನಕ ಬರಬೇಕು, ಹಾಗಾಗಿ 9 ಮೀಟರ್‌ಗಿಂತ ಕಮ್ಮಿ ಇದ್ದದ್ದೆಲ್ಲ ಔಟ್. ವೈರು ಉದ್ದ ಮಾಡಿದರೆ ಕರೆಂಟು ಸೋಲುತ್ತದೆ, ಪೈಪು ಉದ್ದ ಮಾಡಿದರೆ ಅಷ್ಟು ತೊಂದರೆ ಇಲ್ಲ. ತುದಿ ಒತ್ತಿ ಕಚ್ಚಿಸುವಂಥದ್ದು ಇರಬೇಕು. ಒಳಚಕ್ರಕ್ಕೆ ಡಬಲ್ ಮೂತಿಯ ಉದ್ದ ಚಕ್ (ವಾಲ್ವಿಗೆ ಕಚ್ಚಿಸುವ ತುದಿ) ಬೇರೆ. ಗೇಜು ಪಂಪಿನ ಮೇಲಲ್ಲ, ಕೈಯಲ್ಲಿ ಹಿಡಿಯುವ ಕಡೆ ಇರಬೇಕು, ಗಾಳಿ ನಿಲ್ಲಿಸಿ ಓದುವ ಹಾಗೆ. ಚಕ್ರದ ಎದುರು ಕೂರದೆ ದೂರ ನಿಂತು ತುಂಬಲು ಆಗಬೇಕು, ಇದು ಮೇಸ್ತ್ರಿ ಸೇರಿಸಿದ್ದು. ಇನ್ನು ಮ್ಯಾನುಯಲ್‌ನ ಕೊನೇ ಪುಟದ ಸಣ್ಣಕ್ಷರದ ಡ್ಯೂಟಿ ಸೈಕಲ್: ಎಷ್ಟು ನಿಮಿಷ ಓಡಬಹುದು, ಎಷ್ಟು ನಿಮಿಷ ಸುಮ್ಮನಿರಬೇಕು, ಅದೂ ಯಾವ ಒತ್ತಡದಲ್ಲಿ. ಇದನ್ನು ಬರೆಯದ ಕಂಪನಿಯ ಪಂಪನ್ನು ನೋಡಲೇ ಇಲ್ಲ.

ಬ್ಯಾಟರಿ ಒಳಗೇ ಇರುವ ವೈರಿಲ್ಲದ ಪಂಪೂ ಒಂದು ತರಿಸಿದ್ದೆ. ನೋಡಲು ಬಹಳ ಚೆಂದ. ರಾತ್ರಿ ಚಳಿಗೆ ಇಳಿದ ನಾಲ್ಕೈದು ಪಿಎಸ್‌ಐ ಸರಿ ಮಾಡಲು ಒಂದೆರಡು ಟೈರಿಗೆ ಸಾಕು. ನಮ್ಮ ಟೆಸ್ಟಿನಲ್ಲಿ ಮೂರನೇ ಚಕ್ರಕ್ಕೆ ಅದರ ಚಾರ್ಜು ಮುಗಿಯಿತು. ಹಿಂದೆ ಒಂಟಿ ಚಕ್ರದ ಸಣ್ಣ ವ್ಯಾನ್ ಇಟ್ಟುಕೊಂಡು, ಬೆಳಗ್ಗೆ ತಣ್ಣಗಿರುವಾಗಲೇ ಗಾಳಿ ನೋಡುವ ಶಿಸ್ತಿನವರಿಗೆ ಅದೇ ಸಾಕಾಗಬಹುದು. ನಮ್ಮ ಬಾಡಿಗೆಯವರಲ್ಲಿ ಅಂಥವರನ್ನು ನಾನಂತೂ ಕಂಡಿಲ್ಲ.

ಕೊನೆಗೆ ಎರಡು ಸಿಲಿಂಡರಿನ, ಕ್ಲಿಪ್ ಹಾಕುವ ಪಂಪು ಆರಿಸಿದೆವು. ಎಂಜಿನ್ ಓಡುತ್ತಿರುವಾಗ ಅದೇ ಒಳಚಕ್ರ 60ರಿಂದ 80ಕ್ಕೆ ಎರಡೂವರೆ ನಿಮಿಷ. ಭಾರ, ಗಲಾಟೆ, ಡಬ್ಬ ದೊಡ್ಡದು. ಕಿಟ್ ಬಾಕ್ಸಿನಲ್ಲಿ ಹಿಡಿಸದೆ ಹೊರಗಿನ ಲಾಕರ್‌ಗೆ ಹೋಯಿತು. ಹ್ಯಾಂಡೋವರ್ ಶೀಟಿನಲ್ಲಿ ಒಂದು ಸಾಲು ಸೇರಿಸಿದೆ: ಹಿಂದಿನ ಟೈರ್ 64 ಅಥವಾ ಅದಕ್ಕಿಂತ ಕಮ್ಮಿ ತೋರಿಸಿದರೆ ನಿಲ್ಲಿಸಿ, ಗಾಳಿ ಹಾಕಬೇಡಿ, ಫೋನ್ ಮಾಡಿ. ಮ್ಯಾನೇಜರ್ ಅದನ್ನು ಓದಿ, ಇದರಿಂದ ಗಿರಾಕಿಗಳು ಹೆದರುತ್ತಾರಲ್ವಾ ಅಂದರು. ಹೆದರಲಿ ಅಂದೆ.

ಪಿ.ಓ. ಮೇಲೆ ಹೋಯಿತು. ನಾಲ್ಕು ದಿನಕ್ಕೆ ಅಕೌಂಟ್ಸ್‌ನವರಿಂದ ಮೇಲ್. "ಹಳೇ ಪಂಪ್ 150 ಪಿಎಸ್‌ಐ, ಹೊಸದೂ 150 ಪಿಎಸ್‌ಐ. ಮೂರು ಪಟ್ಟು ದರ ಯಾಕೆ? ಹಳೆಯ 14 ಸ್ಟೋರಿನಲ್ಲೇ ಇವೆಯಲ್ಲ?" ಉತ್ತರ ಬರೆಯಲು ಕೂತೆ. ಲೀಟರ್, ಆಂಪ್, ಡ್ಯೂಟಿ ಸೈಕಲ್ ಅಂತ ಎರಡು ಪ್ಯಾರಾ ಬರೆದು ಅಳಿಸಿದೆ. ಸ್ಟೋರಿನಿಂದ ಹಳೇ ಪಂಪ್ ಒಂದನ್ನು ತಂದು ಅವರ ಟೇಬಲ್ ಮೇಲಿಟ್ಟು, ಯಾರ್ಡಿನ ಮೂರನೇ ಗಾಡಿ ತೋರಿಸಿ, "ಹಿಂದಿನ ಎಡಗಡೆ ಒಳಚಕ್ರಕ್ಕೆ 80 ಹಾಕಿ ಬನ್ನಿ ಸರ್" ಅಂದೆ.

ನನ್ನ ಬೆನ್ನ ಹಿಂದೆ ಬಾಗಿಲ ಹತ್ತಿರ ಮೇಸ್ತ್ರಿ ನಿಂತಿದ್ದರು. ಅವರ ಮಾತು ನನಗಿಂತ ಮೊದಲೇ ಬಂದಿತ್ತು.

"ಹತ್ತು ನಿಮಿಷದ ಕೆಲಸ ಸರ್."