ಅಲಿಗೇಟರ್‌ಗಳ ನೆತ್ತಿಯ ಮೇಲೆ ಹಕ್ಕಿಗೂಡು

ಈ ವಾರ ಅಮೆರಿಕದ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ 1949ರಿಂದ ನಡೆದುಬಂದಿರುವ ಗೇಟರ್‌ಲ್ಯಾಂಡ್ ಉದ್ಯಾನವನ್ನು ನೋಡಿ ಬಂದೆ. ಪ್ರದರ್ಶನಗಳಿಗಿಂತ ಹೆಚ್ಚು ಹೊತ್ತು ನನ್ನನ್ನು ಹಿಡಿದಿಟ್ಟದ್ದು ಅಲ್ಲಿನ ಜೌಗು ಕೊಳ. ಮರದ ಕಾಲುಸೇತುವೆಯ ಕೆಳಗೆ ಮೊಸಳೆಯ ಹತ್ತಿರದ ಸಂಬಂಧಿಗಳಾದ ಅಲಿಗೇಟರ್‌ಗಳು ಮೂಗಿನ ತುದಿಯನ್ನೂ ಕಣ್ಣುಗಳನ್ನೂ ಮಾತ್ರ ನೀರಿನ ಮೇಲಿಟ್ಟು ತೇಲುತ್ತಿದ್ದರೆ, ಅವುಗಳ ನೆತ್ತಿಯ ಮೇಲಿನ ಕೊಂಬೆಗಳಲ್ಲಿಯೇ ಬೆಳ್ಳಕ್ಕಿಗಳು ಗೂಡು ಕಟ್ಟಿದ್ದವು. ಮರವೇರಿ ಮೊಟ್ಟೆ ಕದಿಯುವ ಸಣ್ಣ ಕಾಡುಪ್ರಾಣಿಗಳಾದ ರಕೂನ್‌ಗಳನ್ನು ಅಲಿಗೇಟರ್‌ಗಳು ದೂರವಿಡುವುದರಿಂದ ಹಕ್ಕಿಗಳು ಇಂಥ ಜಾಗವನ್ನೇ ಹುಡುಕಿಕೊಂಡು ಬರುತ್ತವೆ. ಗೂಡಿನಿಂದ ಜಾರಿದ ಮರಿ ಮಾತ್ರ ಕೆಳಗಿದ್ದವುಗಳ ಪಾಲು. ರಂಗನತಿಟ್ಟಿನಲ್ಲಿ ಮೊಸಳೆಗಳನ್ನೂ ಹಕ್ಕಿಗೂಡುಗಳನ್ನೂ ಒಟ್ಟಿಗೆ ಕಂಡಿದ್ದರೂ ಈ ನಂಟು ನನಗೆ ಹೊಳೆದಿರಲಿಲ್ಲ.

ಮಧ್ಯಾಹ್ನ ಅಲ್ಲಿಯೇ ಅಲಿಗೇಟರ್ ಮಾಂಸವನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿದ ತುಂಡುಗಳನ್ನು ತಿಂದೆ. ಬಿಳಿಯ ಮಾಂಸ, ಕೋಳಿಗಿಂತ ಗಟ್ಟಿ, ಕೊನೆಯಲ್ಲಿ ಮೀನಿನ ಸಣ್ಣ ಛಾಯೆ. ರುಚಿ ನಿಜಕ್ಕೂ ಹಿಡಿಸಿತು. 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದ್ದ ಈ ಪ್ರಾಣಿ ಕಾನೂನಿನ ರಕ್ಷಣೆಯಲ್ಲಿ ಬೆಳೆದು, 1987ರಲ್ಲಿ ಚೇತರಿಸಿಕೊಂಡಿದೆಯೆಂದು ಘೋಷಿತವಾಗದಿದ್ದರೆ ಈ ತಟ್ಟೆ ನನ್ನ ಮುಂದೆ ಬರುತ್ತಿರಲಿಲ್ಲ ಎಂಬ ಯೋಚನೆ ತಿನ್ನುವಾಗ ಮನಸ್ಸಿನಲ್ಲಿತ್ತು. ಇಂದಿಗೂ ಫ್ಲಾರಿಡಾದಲ್ಲಿ ಅದರ ಸಾಕಣೆಗೂ ಬೇಟೆಗೂ ಪರವಾನಗಿ ಬೇಕು; ಆ ಕಟ್ಟುನಿಟ್ಟಿನ ಮೇಲಿನ ನಂಬಿಕೆಯಿಂದಲೇ ಮತ್ತೊಂದು ತುಂಡಿಗೆ ಕೈ ಹಾಕಿದೆ.