ಎರಡು ವಿಎಂಗೆ ಒಂದೇ ಡಿಸ್ಕ್: ಅಜ್ಜನ ಪಂಚಾಂಗ ಪ್ರಾಜೆಕ್ಟ್, ಮೂರನೇ ವಾರ

ಈ ವಾರ ಸ್ಕ್ಯಾನಿಂಗ್ ಜಾಸ್ತಿ ಆಗ್ಲಿಲ್ಲ, ಟೈಮೆಲ್ಲಾ ಡಿಸ್ಕ್ ಹಿಂದೇನೇ ಹೋಯ್ತು, ಆದ್ರೂ ಖುಷಿ ಇದೆ, ಕೊನೆಗೂ ಸರಿಯಾಗಿ ಕೂತಿದೆ.

ಹೊಸದಾಗಿ ಓದ್ತಿರೋರಿಗೆ: ಅಜ್ಜ ಕೂಡಿಟ್ಟಿದ್ದ ಹಳೇ ಪಂಚಾಂಗಗಳನ್ನ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡ್ತಿದ್ದೀನಿ, ಗ್ರೇಸ್ಕೇಲ್ ಟಿಫ್, ಎ4 ಪುಟ ಒಂದಕ್ಕೆ ಸುಮಾರು 8 ಎಂಬಿ. ಅಂಚಿನಲ್ಲಿ ಅಜ್ಜನ ಪೆನ್ಸಿಲ್ ಬರಹ ಇದೆ, ‘ಇವತ್ತು ಮಳೆ ಹಿಡೀತು’, ‘ಗೌರಿ ಈಯಿತು, ಹೆಣ್ಣು ಕರು’ ಅಂತ, ನಂಗೆ ಬೇಕಿರೋದೇ ಅದು. ಮನೆ ಡೆಸ್ಕ್‌ಟಾಪ್‌ನಲ್ಲಿ ಕೆವಿಎಂ (ಲಿನಕ್ಸ್‌ನ ವರ್ಚುವಲೈಸೇಶನ್) ಮೇಲೆ ಎರಡು ಡೆಬಿಯನ್ ಲಿನಕ್ಸ್ ವಿಎಂ, ಅಂದ್ರೆ ಒಂದೇ ಕಂಪ್ಯೂಟರ್ ಒಳಗೆ ಓಡೋ ವರ್ಚುವಲ್ ಕಂಪ್ಯೂಟರ್‌ಗಳು: ‘ತಿಥಿ’ಯಲ್ಲಿ ಸ್ಕ್ಯಾನ್ ಮತ್ತು ಟೆಸರಾಕ್ಟ್ (ಚಿತ್ರದಿಂದ ಅಕ್ಷರ ಓದೋ ಪ್ರೋಗ್ರಾಂ) ಓಡತ್ತೆ, ‘ವಾರ’ದಲ್ಲಿ ಮನೆಯವರೆಲ್ಲಾ ಬ್ರೌಸರ್‌ನಲ್ಲಿ ನೋಡೋ ಗ್ಯಾಲರಿ. ಎರಡಕ್ಕೂ ಅದೇ ಫೈಲ್ ಬೇಕು, ಕಾಪಿ ಮಾಡ್ತಾ ಕೂರಕ್ಕಾಗಲ್ಲ, ಅದಕ್ಕೆ 60 ಜಿಬಿ ಡಿಸ್ಕ್ ಇಮೇಜ್ (ಡಿಸ್ಕ್ ಥರ ಕೆಲಸ ಮಾಡೋ ದೊಡ್ಡ ಫೈಲ್) ಒಂದನ್ನೇ ಎರಡೂ ವಿಎಂಗೆ ಹಾಕೋಣ ಅನ್ಕೊಂಡೆ.

ಸೋಮವಾರ. ಎರಡನೇ ವಿಎಂ ಸ್ಟಾರ್ಟೇ ಆಗ್ಲಿಲ್ಲ. ರೈಟ್ ಲಾಕ್ ಸಿಗ್ತಿಲ್ಲ, ಬೇರೆ ಪ್ರೊಸೆಸ್ ಈ ಇಮೇಜ್ ಬಳಸ್ತಿದೆಯಾ ನೋಡು ಅಂತ ಎರರ್. ವಿಎಂ ಓಡಿಸೋ ಪ್ರೋಗ್ರಾಂ ಆದ ಕ್ಯೂಎಮು 2.10ರಿಂದ, ಅಂದ್ರೆ 2017ರಿಂದ, ಈ ಲಾಕ್ ಇದೆ, ಒಳ್ಳೇದಕ್ಕೇ ಇರೋದು. ಲಿಬ್‌ವರ್ಟ್ (ವಿಎಂ ನಿಭಾಯಿಸೋ ಟೂಲ್) ಬಳಸೋ ಎಕ್ಸ್‌ಎಂಎಲ್ ಸೆಟ್ಟಿಂಗ್ ಫೈಲ್‌ನಲ್ಲಿ ಆ ಡಿಸ್ಕ್‌ಗೆ ‘ಶೇರಬಲ್’ ಅನ್ನೋ ಟ್ಯಾಗ್ ಹಾಕಿದ್ರೆ ಬಿಟ್ಟುಕೊಡತ್ತೆ. ಜೊತೆಗೆ ಕ್ಯಾಶ್ (ಹೋಸ್ಟ್ ಮೆಮೊರಿಯಲ್ಲಿ ಇಟ್ಕೊಳ್ಳೋ ನಕಲು) ‘ನನ್’, ಅಂದ್ರೆ ಬೇಡ ಅಂತ ಮಾಡ್ಬೇಕು, ಇಮೇಜ್ ‘ರಾ’, ಅಂದ್ರೆ ಸಾದಾ ಫಾರ್ಮ್ಯಾಟ್ ಆಗಿರ್ಬೇಕು. ಕ್ಯೂಕೌ2 ಫಾರ್ಮ್ಯಾಟ್ ಬೇಡ, ಅದರ ಒಳಗಿನ ಟೇಬಲ್‌ಗಳನ್ನ ಎರಡು ಕ್ಯೂಎಮು ಒಟ್ಟಿಗೆ ತಿದ್ದಿದ್ರೆ ಇಮೇಜೇ ಹಾಳಾಗತ್ತೆ.

ಮಂಗಳವಾರ. ಇಎಕ್ಸ್‌ಟಿ4 (ಲಿನಕ್ಸ್‌ನ ಸಾಮಾನ್ಯ ಫೈಲ್‌ಸಿಸ್ಟಮ್, ಡಿಸ್ಕ್ ಮೇಲೆ ಫೈಲ್ ಜೋಡಿಸೋ ವ್ಯವಸ್ಥೆ) ಹಾಕಿ ಎರಡರಲ್ಲೂ ಮೌಂಟ್ ಮಾಡ್ದೆ, ಅಂದ್ರೆ ಬಳಕೆಗೆ ತೆರೆದೆ. ತಿಥಿಯಲ್ಲಿ ಹತ್ತು ಪುಟ ಹಾಕಿದ್ರೆ ‘ವಾರ’ದಲ್ಲಿ ಒಂದೂ ಕಾಣಲ್ಲ, ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿದ್ರೆ ಹತ್ತೂ ಇದೆ. ಸರಿ ಅಂತ ‘ವಾರ’ದಿಂದಲೂ ಥಂಬ್‌ನೇಲ್ ಬರೆಸ್ದೆ. ಅರ್ಧ ಗಂಟೆ ಬಿಟ್ಟು ತಿಥಿಯಲ್ಲಿ ಎಲ್‌ಎಸ್ (ಫೈಲ್ ಪಟ್ಟಿ ತೋರಿಸೋ ಕಮಾಂಡ್) ಕೊಟ್ರೆ ‘ಸ್ಟ್ರಕ್ಚರ್ ನೀಡ್ಸ್ ಕ್ಲೀನಿಂಗ್’, ಅಂದ್ರೆ ಫೈಲ್‌ಸಿಸ್ಟಮ್ ಕೆಟ್ಟಿದೆ ಅಂತ. ರಿಪೇರಿ ಮಾಡೋ ಎಫ್‌ಎಸ್‌ಸಿಕೆ ಓಡಿಸಿದ ಮೇಲೆ, ವಿಳಾಸ ತಪ್ಪಿದ ಫೈಲ್ ಇಡೋ ಲಾಸ್ಟ್+ಫೌಂಡ್ ಫೋಲ್ಡರ್ ಒಳಗೆ ಬರೀ ನಂಬರ್ ಹೆಸರಿನ ಫೈಲ್‌ಗಳು, ಒಂದನ್ನ ತೆಗೆದ್ರೆ ಮೇಲರ್ಧ ಶ್ರಾವಣ ಮಾಸದ ಪುಟ, ಕೆಳಗರ್ಧ ಕಪ್ಪು. ಮೂಲ ಪುಸ್ತಕ ಕೈಲಿದೆ ಅನ್ನೋ ಧೈರ್ಯಕ್ಕೆ ಎದೆ ಒಡೀಲಿಲ್ಲ.

ಯಾಕೆ ಹೀಗೆ ಅಂದ್ರೆ, ಒಂದೇ ಖಾತೆ ಪುಸ್ತಕನ ಇಬ್ಬರು ಶಾನುಭೋಗರು ನಕಲು ಮಾಡ್ಕೊಂಡು ಅವರವರ ಮನೇಲಿ ಕೂತು ಬರೀತಾ, ರಾತ್ರಿ ಬಂದು ಮೂಲ ಪುಸ್ತಕದ ಮೇಲೆ ತಮ್ಮ ತಮ್ಮ ಲೆಕ್ಕ ಹಚ್ಚಿ ಹೋದಂಗೆ. ಇಎಕ್ಸ್‌ಟಿ4 ಪ್ರಕಾರ ಡಿಸ್ಕ್‌ಗೆ ಯಜಮಾನ ಒಬ್ಬನೇ. ಯಾವ ಬ್ಲಾಕ್ ಖಾಲಿ ಅನ್ನೋದನ್ನ ಪ್ರತಿ ಕರ್ನಲ್ (ವಿಎಂ ಒಳಗಿನ ಲಿನಕ್ಸ್‌ನ ತಿರುಳು) ತನ್ನ ಮೆಮೊರಿಯಲ್ಲಿ ಇಟ್ಕೊಳತ್ತೆ, ಪಕ್ಕದ ವಿಎಂ ಅದೇ ಬ್ಲಾಕ್ ತಗೊಂಡಿದ್ದು ಅದಕ್ಕೆ ತಿಳಿಯೋ ದಾರಿನೇ ಇಲ್ಲ. ಒಂದನ್ನ ರೀಡ್-ಓನ್ಲಿ ಮಾಡಿದ್ರೂ ಸಾಲಲ್ಲ, ಮೌಂಟ್ ಆಗುವಾಗ ಜರ್ನಲ್ (ಬದಲಾವಣೆಗಳ ದಾಖಲೆ) ರೀಪ್ಲೇ ಮಾಡೋಕೆ ಅದೂ ಡಿಸ್ಕ್‌ಗೆ ಬರೆಯತ್ತೆ.

ಬುಧವಾರ, ಗುರುವಾರ. ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೈಲ್ ಹಂಚೋದು) ಅಥವಾ ವರ್ಟಿಯೋ-ಎಫ್‌ಎಸ್ (ಹೋಸ್ಟ್‌ನ ಫೋಲ್ಡರ್ ವಿಎಂಗೆ ಕೊಡೋದು) ಸಾಕಿತ್ತು, ಬರೀ ಫೈಲ್ ಹಂಚ್ಕೊಳ್ಳೋಕೆ ಯಾರೇ ಕೇಳಿದ್ರೂ ನಾನು ಮೊದಲು ಅದನ್ನೇ ಹೇಳ್ತೀನಿ. ಆದ್ರೆ ಎರಡು ಕರ್ನಲ್ ಒಂದೇ ಡಿಸ್ಕ್‌ನ ಹೊಂದಿಕೊಂಡು ಬಳಸೋದು ಹೇಗೆ ಅಂತ ಕಣ್ಣಾರೆ ನೋಡ್ಬೇಕಿತ್ತು, ಅದಕ್ಕೆ ಓಸಿಎಫ್‌ಎಸ್2 ಹಿಡಿದೆ, ಹಲವು ಕಂಪ್ಯೂಟರ್ ಒಂದೇ ಡಿಸ್ಕ್ ಒಟ್ಟಿಗೆ ಬಳಸೋಕೆ ಅಂತಲೇ ಇರೋ ಫೈಲ್‌ಸಿಸ್ಟಮ್. ಒರಾಕಲ್‌ನವರು ಮಾಡಿದ್ದು, 2006ರಲ್ಲಿ ಲಿನಕ್ಸ್ 2.6.16ಕ್ಕೆ ಸೇರಿದ್ದು. ಇದ್ರಲ್ಲಿ ಪ್ರತಿ ನೋಡ್‌ಗೂ (ಇಲ್ಲಿ ಪ್ರತಿ ವಿಎಂಗೂ) ಬೇರೆ ಜರ್ನಲ್, ಬರೆಯೋ ಮೊದಲು ನೆಟ್‌ವರ್ಕ್ ಮೇಲೆ ಲಾಕ್ ಕೇಳ್ತಾವೆ, ಮತ್ತೆ ಎರಡು ಸೆಕೆಂಡಿಗೊಮ್ಮೆ ಡಿಸ್ಕ್ ಮೇಲೇ ‘ನಾನಿದ್ದೀನಿ’ ಅಂತ ಗುರುತು ಹಾಕ್ತಾವೆ. ಫಾರ್ಮ್ಯಾಟ್ ಮಾಡುವಾಗ ನಾಲ್ಕು ನೋಡ್‌ಗೆ ಜಾಗ ಕೊಟ್ಟೆ, ಮುಂದೆ ಬ್ಯಾಕಪ್ ವಿಎಂ ಸೇರಿಸಬಹುದು ಅಂತ.

ಒಂದು ಸಂಜೆ ಪೂರ್ತಿ ಕ್ಲಸ್ಟರ್ (ಈ ನೋಡ್‌ಗಳ ಗುಂಪು) ಆನ್‌ಲೈನ್ ಬರ್ಲಿಲ್ಲ. ಐಪಿ ಸರಿ, 7777 ಪೋರ್ಟ್ ತೆಗೆದಿದೆ, ಎರಡೂ ಕಡೆ ಕಾನ್ಫಿಗ್ ಫೈಲ್ ಒಂದೇ. ಊಟ ಮಾಡಿ ಬಂದು ಟರ್ಮಿನಲ್ ನೋಡಿದ್ರೆ ಪ್ರಾಂಪ್ಟ್‌ನಲ್ಲೇ ಕಾಣ್ತಿದೆ: ಫೈಲ್‌ನಲ್ಲಿ ನೋಡ್ ಹೆಸರು ‘ವಾರ’, ಆ ವಿಎಂ ಹೋಸ್ಟ್‌ನೇಮ್ ಇನ್ನೂ ‘ಡೆಬಿಯನ್’. ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಇರ್ಬೇಕು. ಅದೇ ಫೈಲ್‌ನಲ್ಲಿ ಒಳಗಿನ ಸಾಲುಗಳ ಮುಂದೆ ಟ್ಯಾಬ್ ಹಾಕಿ, ಸ್ಪೇಸ್ ಬೇಡ.

ಶನಿವಾರ. ತಿಥಿಯಲ್ಲಿ ಪುಟ ಸೇವ್ ಆಗ್ತಿದ್ದಂಗೆ ವಾರದಲ್ಲಿ ಕಾಣಿಸ್ತು, ರೀಮೌಂಟ್ ಇಲ್ಲದೆ. ಅಮ್ಮನ್ನ ಕರೆದು ತೋರಿಸ್ದೆ, ಅವ್ರು ಡಿಸ್ಕ್ ಕಡೆ ನೋಡ್ಲಿಲ್ಲ, ಅಂಚಿನ ಪೆನ್ಸಿಲ್ ಬರಹನ ಎರಡು ಸಲ ಜೋರಾಗಿ ಓದಿದ್ರು.

ಆಮೇಲೆ ಬೇಕಂತಲೇ ತಿಥಿಯ ಪ್ಲಗ್ ಕಿತ್ತಂಗೆ ಫೋರ್ಸ್ ಆಫ್ ಮಾಡ್ದೆ. ವಾರದಲ್ಲಿ ಎಲ್‌ಎಸ್ ಹಾಗೇ ನಿಂತುಬಿಡ್ತು. ಡಿಸ್ಕ್ ಗುರುತಿಗೆ ಡಿಫಾಲ್ಟ್ ಆಗಿ 60 ಸೆಕೆಂಡ್ ಕಾಯತ್ತೆ, ಅದಾದ್ಮೇಲೆ ಸತ್ತ ನೋಡ್‌ನ ಜರ್ನಲ್ ರೀಪ್ಲೇ ಮಾಡಿ ತಾನೇ ಮುಂದುವರೀತು. ಫೈಲ್‌ಗಳೆಲ್ಲಾ ಸರಿಯಾಗಿವೆ. ನೆನಪಿಡಿ, ನೋಡ್ ಎರಡೇ ಇದ್ದು ಮಧ್ಯೆ ನೆಟ್‌ವರ್ಕ್ ಕಡಿದ್ರೆ ಕಡಿಮೆ ನಂಬರಿನ ನೋಡ್ ಉಳ್ಕೊಳತ್ತೆ, ಇನ್ನೊಂದು ತಾನಾಗೇ ಕೆಳಗೆ ಬೀಳತ್ತೆ. ನಂಗೆ ಸ್ಕ್ಯಾನ್ ನಿಲ್ಲಬಾರದು, ಅದಕ್ಕೆ ತಿಥಿಗೆ 0, ವಾರಕ್ಕೆ 1 ಕೊಟ್ಟಿದ್ದೀನಿ.

ಬಾಕಿ ಇರೋದು ಬ್ಯಾಕಪ್. ರಾ ಇಮೇಜ್ ಆದ್ರಿಂದ ಕ್ಯೂಕೌ2 ಥರ ಒಳಗೇ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ಸಿಗಲ್ಲ, ರಾತ್ರಿ ಯುಎಸ್‌ಬಿ ಡಿಸ್ಕ್‌ಗೆ ಆರ್‌ಸಿಂಕ್ (ಫೈಲ್ ಕಾಪಿ ಮಾಡೋ ಟೂಲ್) ಹಾಕ್ಬೇಕು. ನಿನ್ನೆವರೆಗೆ 412 ಪುಟ ಆಗಿದೆ, ಶ್ರಾವಣದ ಆ ಅರ್ಧ ಕಪ್ಪಾದ ಪುಟನೂ ಮತ್ತೆ ಸ್ಕ್ಯಾನ್ ಮಾಡಾಯ್ತು.